ಹಿರಿಯೂರಲ್ಲಿ ಮೊಸ್ಕಾತೊ ದ್ರಾಕ್ಷಿ ಹಾಕಬಹುದಾ?

ಪ್ರಶ್ನೆ: ನಮ್ದು ನಾಲ್ಕೆಕರೆ ದಾಳಿಂಬೆ, ಎರಡು ವರ್ಷದಿಂದ ಅಂಗಮಾರಿ ರೋಗ ಬಂದು ಸಾಕಾಗಿ ಹೋಗೈತೆ. ಇಟಲಿಲಿ ಕೆಲಸದಲ್ಲಿರೋ ತಂಗಿ ಮಗ, ‘ಮಾವ, ಮೊಸ್ಕಾತೊ ಅಂತ ಬಿಳಿ ದ್ರಾಕ್ಷಿ ಐತೆ, ಘಮ್ ಅನ್ನುತ್ತೆ, ವೈನಿಗೆ ಒಳ್ಳೆ ರೇಟು, ಅದನ್ನ ಹಾಕು’ ಅಂತಾನೆ. ಹಾಕ್ಲಾ ಸಾರ್?
- ಓದುಗರು, ಹಿರಿಯೂರು ತಾಲ್ಲೂಕು

ಉತ್ತರ: ನಿಮ್ಮಳಿಯ ಹೇಳಿದ ಘಮ ನಿಜಾನೇ. ಸುಮಾರು ದ್ರಾಕ್ಷಿಗಳು ವೈನ್ ಆದ್ಮೇಲೆ ಹಣ್ಣಿನ ವಾಸನೆನೇ ಉಳಿಯಲ್ಲ, ಮೊಸ್ಕಾತೊ ಮಾತ್ರ ಬಳ್ಳಿಲಿ ಹೆಂಗಿತ್ತೋ ಗ್ಲಾಸಲ್ಲೂ ಹಂಗೇ. ಆ ಪರಿಮಳ ಹೆಚ್ಚಾಗಿ ಇರೋದು ಸಿಪ್ಪೆಲಿ, ಲಿನಲೂಲ್, ಜೆರಾನಿಯೋಲ್ ಅನ್ನೋ ಅಂಶಗಳಿಂದ. ಕೊತ್ತಂಬರಿ ಬೀಜ ಅಂಗೈಲಿ ಉಜ್ಜಿ ಮೂಸಿ ನೋಡ್ರಿ, ಅದರಲ್ಲೂ ಲಿನಲೂಲೇ, ಗುಲಾಬಿಲಿ ಜೆರಾನಿಯೋಲ್. ತಮಿಳುನಾಡಿನ ಕಂಬಂ ಕಡೆ ಬೆಳೆಯೋ ಪನ್ನೀರ್ ದ್ರಾಕ್ಷಿ ತಿಂದಿದ್ರೆ ಗೊತ್ತಾಗುತ್ತೆ, ಅದು ವಂಶದಲ್ಲಿ ಮೊಸ್ಕಾತೊಗೆ ಮೊಮ್ಮಗು.

ಆದ್ರೆ ನಿಮ್ಮ ಹೊಲಕ್ಕೆ ಬೇಡ ಅಂತೀನಿ. ಈ ದ್ರಾಕ್ಷಿ ಬೆಳೆಯೋ ಇಟಲಿಲಿ, ಆಸ್ತಿ, ಕನೆಲ್ಲಿ ಅನ್ನೋ ಊರುಗಳ ಗುಡ್ಡದ ಇಳಿಜಾರಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗುತ್ತೆ, ಹಣ್ಣಾಗೋ ಹೊತ್ತಿಗೆ ರಾತ್ರಿ ತಂಪಿರುತ್ತೆ. ನಮ್ಮಲ್ಲಿ ಬಳ್ಳಿ ಮಲಗೋದೇ ಇಲ್ಲ, ಅದಕ್ಕೇ ಏಪ್ರಿಲ್‌ಗೊಂದು ಅಕ್ಟೋಬರ್‌ಗೊಂದು ಚಾಟ್ನಿ (ಬಳ್ಳಿ ಕತ್ತರಿಸೋದು) ಮಾಡೋದು, ಹಣ್ಣು ಬರೋದು ಫೆಬ್ರವರಿ ಮಾರ್ಚಲ್ಲಿ, ಆಗ ಹಿರಿಯೂರು ಬಿಸಿಲು ಹೆಂಗಿರುತ್ತೆ ನಿಮಗೇ ಗೊತ್ತು, ಆ ಶಾಖಕ್ಕೆ ಹುಳಿನೂ ಇಳಿಯುತ್ತೆ ಪರಿಮಳನೂ ಇಳಿಯುತ್ತೆ. ಸಣ್ಣ ಕಾಳು, ಒತ್ತೊತ್ತಾದ ಗೊಂಚಲು, ಬೂದಿರೋಗ ಬೇಗ ಹತ್ತುತ್ತೆ, ಒಂದು ಅಕಾಲ ಮಳೆ ಬಿದ್ರೂ ಒಳಗಿಂದ ಕೊಳೆಯುತ್ತೆ. ಅಂಗಮಾರಿಯಿಂದ ತಪ್ಪಿಸ್ಕೊಳ್ಳೋಕೆ ಹೋಗಿ ಇದಕ್ಕೆ ಸಿಕ್ಕಾಕ್ಕೊಂಡಂಗೆ ಆಗುತ್ತೆ.

ಇನ್ನು ಮಾರೋದು. ಬೀಜದ ಸಣ್ಣ ಹಣ್ಣು, ದಾವಣಗೆರೆ ಮಾರ್ಕೆಟ್ಟಲ್ಲಿ ಸೀಡ್‌ಲೆಸ್ ಪಕ್ಕ ಇಟ್ರೆ ಯಾರೂ ಕೊಳ್ಳಲ್ಲ. ವೈನೇ ಆಗಬೇಕು. ಇಟಲಿಯವರು ರಸ ಹಿಂಡಿ ಸೊನ್ನೆ ಡಿಗ್ರಿ ಹತ್ರ ತಣ್ಣಗಿಟ್ಟು, ಮುಚ್ಚಿದ ಟ್ಯಾಂಕಲ್ಲಿ ಹುದುಗಿಸಿ, ಆಲ್ಕೋಹಾಲ್ 5% ಆಸುಪಾಸಿಗೆ ಬಂದ ತಕ್ಷಣ ಮತ್ತೆ ತಣ್ಣಗೆ ಮಾಡಿ ಯೀಸ್ಟನ್ನ ಸೋಸಿ ತೆಗೀತಾರೆ, ಅದಕ್ಕೇ ಮೊಸ್ಕಾತೊ ದಾಸ್ತಿ ಅನ್ನೋ ಆ ವೈನ್ ಸಿಹಿ ಇರೋದು, ಸಣ್ಣಗೆ ನೊರೆ ಬರೋದು. ಇದು ಫ್ಯಾಕ್ಟರಿ ಕೆಲಸ, ಲೈಸೆನ್ಸ್ ಬೇರೆ ಬೇಕು. ವೈನರಿಯವರು ಕೊಳ್ತೀವಿ ಅಂತ ಬರೆದುಕೊಡೋವರೆಗೂ ಒಂದೆಕರೆನೂ ಹಾಕಬೇಡಿ. ಆಸೆ ಇದ್ರೆ ಬದುವಿನ ಪಕ್ಕ ಹತ್ತು ಬಳ್ಳಿ ಹಾಕಿ ನೋಡ್ರಿ, ಮನೆ ಮಕ್ಕಳಾದ್ರೂ ತಿಂತಾರೆ.

ದಾಳಿಂಬೆ ಮಾತ್ರ ಈಗ್ಲೇ ಕೀಳಬೇಡಿ. ರೋಗದ ಕಡ್ಡಿ ಕತ್ತರಿಸಿ ಸುಟ್ಟು, ಗಿಡಕ್ಕೆ ಮೂರು ತಿಂಗಳು ರೆಸ್ಟ್ ಕೊಟ್ಟು ಹಸ್ತ ಬಹಾರ್ (ಮಳೆಗಾಲ ಮುಗಿಯೋ ಹೊತ್ತಿಗೆ ಹೂ ಬಿಡಿಸೋ ಬೆಳೆ) ಹಿಡೀರಿ, ಮಳೆಗಾಲದ ಬಹಾರಿಗಿಂತ ಅದರಲ್ಲಿ ಅಂಗಮಾರಿ ಕಡಿಮೆ. ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ರಾನೇ ಐತೆ, ರೋಗದ ಎಲೆ ಕಾಯಿ ತಗೊಂಡು ಈ ವಾರವೇ ಹೋಗ್ಬನ್ನಿ.