ಉಪ್ಪಿನ ಬಾವಿ ನಡೆಸಿದವರಿಗೆ ಟ್ರೋನಾ ಬಾವಿ ಸುಲಭವೇ?

ಉಪ್ಪಿನ ಬಾವಿಯಲ್ಲಿ ಪಳಗಿದವರಿಗೆ ಟ್ರೋನಾ (ವಾಷಿಂಗ್ ಸೋಡಾ ಕೊಡುವ ಖನಿಜ) ಹೊಸದೇನಲ್ಲ, ನೆಲದಡಿಗೆ ನೀರು ಹಾಯಿಸಿ ಬ್ರೈನ್, ಅಂದರೆ ಖನಿಜ ಕರಗಿದ ನೀರು, ಎತ್ತುವುದು ತಾನೇ ಅಂತ ಕೇಳಿದ್ದೀರಿ. ಇದೇ ನಂಬಿಕೆಯಲ್ಲಿ ನಾನೂ ಅಮೆರಿಕದ ವ್ಯೋಮಿಂಗ್‌ನ ಗ್ರೀನ್ ರಿವರ್‌ಗೆ ಹೋದೆ. ನಿಮ್ಮ ಲೆಕ್ಕ ತಪ್ಪು.

ಜನವರಿಯ ಒಂದು ರಾತ್ರಿ ನೀರು ಬಿಡುವ ಪಂಪಿನ ಬೇರಿಂಗ್ ಬಿಸಿಯಾಯಿತು. ನಾಲ್ಕು ಗಂಟೆಯ ರಿಪೇರಿ. ಬ್ರೈನ್ ಲೈನನ್ನೂ ತುಂಬಿದ ಹಾಗೇ ನಿಲ್ಲಿಸಿಬಿಟ್ಟೆ. ಉಪ್ಪಿನಲ್ಲಿ ಎಷ್ಟೋ ಸಲ ಹಾಗೇ ಮಾಡಿದ್ದೆ. ಬೆಳಗ್ಗೆ ಪಂಪು ಹಾಕಿದರೆ ಒತ್ತಡ ಏರಿತೇ ಹೊರತು ಹರಿವಿಲ್ಲ. ಪೈಪಿನ ಜೋಡಣೆ (ಫ್ಲ್ಯಾಂಜ್) ಬಿಚ್ಚಿದಾಗ ಪೈಪಿನ ತುಂಬ ಕಲ್ಲುಸಕ್ಕರೆಯಂಥ ಹರಳು; ಕಿತ್ತಿಟ್ಟ ತುಂಡು ಮರುದಿನ ಒಣಗಾಳಿಗೆ ಬಿಳಿ ಪುಡಿಯಾಗಿತ್ತು. ಆ ಲೈನು ಬಿಡಿಸಲು ಹನ್ನೊಂದು ದಿನ ಹಿಡಿಯಿತು.

ಕಾರಣ ಸರಿಯಾಗಿ ಕೇಳಿ. 100 ಗ್ರಾಂ ನೀರಿನಲ್ಲಿ ಅಡುಗೆ ಉಪ್ಪು 0 ಡಿಗ್ರಿಯಲ್ಲಿ ಸುಮಾರು 36 ಗ್ರಾಂ ಕರಗುತ್ತದೆ, 100 ಡಿಗ್ರಿಯಲ್ಲಿ 39. ಉಪ್ಪಿನ ಬ್ರೈನ್ ತಣಿದರೂ ಹೆಚ್ಚೇನೂ ಆಗದು. ಟ್ರೋನಾ ಬ್ರೈನಿನಲ್ಲಿರುವ ವಾಷಿಂಗ್ ಸೋಡಾ 30 ಡಿಗ್ರಿಯಲ್ಲಿ ಸುಮಾರು 40 ಗ್ರಾಂ, 20ರಲ್ಲಿ 21, 0 ಡಿಗ್ರಿಯಲ್ಲಿ ಬರೀ 7. ಜೊತೆಗೆ, 32 ಡಿಗ್ರಿಯ ಕೆಳಗೆ ಹೊರಬೀಳುವ ಹರಳು ನೀರನ್ನೂ ಕಟ್ಟಿಕೊಂಡು ಬರುತ್ತದೆ: 286 ಕಿಲೋ ಹರಳಿನಲ್ಲಿ 180 ಕಿಲೋ ನೀರು, 106 ಕಿಲೋ ಸೋಡಾ. ಕರಗಿಸಿದ್ದ ನೀರನ್ನೇ ಹೀರಿ ಬೆಳೆಯುವುದರಿಂದ ಪೈಪು ಪೂರ್ತಿ ಕಟ್ಟಿಕೊಳ್ಳುತ್ತದೆ. ಒತ್ತಡ ಹೆಚ್ಚಿಸಿ ತಳ್ಳಲು ಹೋಗಲೇಬೇಡಿ, ಲೈನು ಒಡೆಯುತ್ತದೆ. ಬಿಸಿನೀರೊಂದೇ ಅದನ್ನು ಕರಗಿಸುವುದು.

ಹಾಗಾಗಿ ಹರಿವು ನಿಂತ ತಕ್ಷಣ ಬ್ರೈನನ್ನು ಬಿಸಿನೀರಿನಿಂದ ಹೊರದಬ್ಬಿ. ಒಳವ್ಯಾಸ 10 ಸೆಂ.ಮೀ. ಇರುವ 2 ಕಿ.ಮೀ. ಲೈನಿನಲ್ಲಿ ಹೆಚ್ಚುಕಡಿಮೆ 16 ಘನ ಮೀಟರ್ ಹಿಡಿಯುತ್ತದೆ. ನಾನು ಅದರ ಎರಡರಷ್ಟು ಬಿಡುತ್ತೇನೆ. ನಿಲುಗಡೆ ಉದ್ದವಾದರೆ ಆ ನೀರನ್ನೂ ಖಾಲಿ ಮಾಡಬೇಕು, ಇಲ್ಲದಿದ್ದರೆ ಅದೇ ಹೆಪ್ಪುಗಟ್ಟುತ್ತದೆ. ಬಾವಿಯೊಳಗಿನ ಪೈಪನ್ನು ಮರೆಯಬೇಡಿ, ಅದರ ಮೇಲ್ಭಾಗವೂ ತಣ್ಣಗಿನ ನೆಲದಲ್ಲೇ ಇರುತ್ತದೆ.

ನೆಲದಡಿಯಲ್ಲಿ ಇನ್ನೊಂದು ಕಾಟವಿದೆ. ಟ್ರೋನಾದಲ್ಲಿ ತೂಕದ 47% ವಾಷಿಂಗ್ ಸೋಡಾ, 37% ಅಡುಗೆ ಸೋಡಾ, ಉಳಿದದ್ದು ನೀರು. ಎರಡೂ ಒಂದೇ ಪ್ರಮಾಣದಲ್ಲಿ ಕರಗುವುದಿಲ್ಲ. ಅಡುಗೆ ಸೋಡಾ ಗೋಡೆಯ ಮೇಲೆಯೇ ಬಿಳಿ ಪೊರೆಯಾಗಿ ಕೂತು ಒಳಗಿನ ಟ್ರೋನಾಕ್ಕೆ ನೀರು ತಾಗದಂತೆ ಮಾಡುತ್ತದೆ. ಬ್ರೈನ್ ಸಪ್ಪೆಯಾಯಿತೆಂದು ಹರಿವು ಹೆಚ್ಚಿಸಿದರೆ ಇನ್ನಷ್ಟು ಸಪ್ಪೆಯಾಗುತ್ತದೆ. ಬಿಡುವ ನೀರಿನ ಬಿಸಿ ಹೆಚ್ಚಿಸಬೇಕು, ಇಲ್ಲವೇ ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಬೇಕು.

ಬ್ರೈನ್ ಮೇಲೆ ಬಂದ ನಂತರದ್ದು ನೇರ ಕೆಲಸ: ಹಬೆ ಹಾಯಿಸಿ ಬೈಕಾರ್ಬನೇಟ್ (ಅದೇ ಅಡುಗೆ ಸೋಡಾ) ಒಡೆಯುವುದು, ಬಿಸಿಯಲ್ಲೇ ಆವಿಮಾಡಿ ಒಂದೇ ಅಣು ನೀರಿನ ಹರಳು ತೆಗೆಯುವುದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ನೀರು ಬೇರ್ಪಡಿಸುವುದು, ಡ್ರೈಯರಿನಲ್ಲಿ ಒಣಗಿಸುವುದು.

ಟ್ರೋನಾ ಬಾವಿಯ ಕೆಲಸವನ್ನು ಸಂಬಳ ನೋಡಿ ಒಪ್ಪಿಕೊಳ್ಳಬೇಡಿ. ಲೈನು ತೊಳೆಯುವ ಬಿಸಿನೀರಿನ ಟ್ಯಾಂಕ್ ಎಷ್ಟು ದೊಡ್ಡದು, ರಾತ್ರಿ ಪಾಳಿಯಲ್ಲಿ ಅದರ ವಾಲ್ವ್ ತಿರುಗಿಸುವವರು ಯಾರು, ಅದನ್ನು ಸಂದರ್ಶನದಲ್ಲೇ ಕೇಳಿ.