ಪ್ರವಾಹ, ಯುದ್ಧದ ಹೊತ್ತಲ್ಲಿ ಹೆರಿಗೆ ಆರೈಕೆಗೆ ಹೊಸದೇನು ಬಂದಿದೆ?

ಡ್ರೋನು, ಆ್ಯಪ್ ಏನಾದ್ರೂ ಬಳಸ್ತಾರಾ ಅಂತಲೂ ಕೇಳಿದ್ದೀರಿ. ಬಳಸಬಹುದೇನೋ. ನಾನು ನರ್ಸ್, ನನ್ನ ಕೈಗೆ ಬಂದಿದ್ದು ಮೂರು ಮಾತ್ರೆ.

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿದಾಗ ಬೆಳಗಾವಿ ಜಿಲ್ಲೆಯ ಒಂದು ಕಾಳಜಿ ಕೇಂದ್ರದಲ್ಲಿ ನನ್ನ ಡ್ಯೂಟಿ. ಶಾಲೆಯ ಕೋಣೆ, ಕರೆಂಟ್ ಇಲ್ಲ, ರಸ್ತೆ ನೀರಿನಡಿ, ಅಲ್ಲೊಬ್ಬಳಿಗೆ ದಿನ ತುಂಬಿತ್ತು. ಹೆರಿಗೆಗಿಂತ ಜಾಸ್ತಿ ಭಯ ಆಮೇಲಿನ ರಕ್ತಸ್ರಾವದ್ದು. ಅದನ್ನು ತಡೆಯೋ ಆಕ್ಸಿಟೋಸಿನ್ ಇಂಜೆಕ್ಷನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ನನ್ನ ಲಸಿಕೆ ಡಬ್ಬಿಯ ಐಸ್ ಪ್ಯಾಕ್‌ಗಳು ಹಿಂದಿನ ರಾತ್ರಿಯೇ ಕರಗಿ, ಅಲ್ಲಾಡಿಸಿದರೆ ಗುಳುಗುಳು ಅನ್ನುತ್ತಿದ್ದವು.

ಆಗ ಕೈ ಹಿಡಿದಿದ್ದು ಮಿಸೊಪ್ರೊಸ್ಟಾಲ್. 200 ಮೈಕ್ರೋಗ್ರಾಂನ ಮೂರು ಮಾತ್ರೆ, ಗುಟುಕು ನೀರು, ಅಷ್ಟೇ. ಫ್ರಿಜ್ ಬೇಡ, ಸೂಜಿ ಬೇಡ. ತೇವ ಮಾತ್ರ ತಾಗಬಾರದು, ಅದಕ್ಕೇ ಸ್ಟ್ರಿಪ್ ಮೊದಲೇ ಬಿಡಿಸಿಡಬಾರದು. ಮಗು ಬಂದ ಮೇಲೂ ಹೊಟ್ಟೆ ಮುಟ್ಟಿ, ಒಳಗೆ ಇನ್ನೊಂದು ಇಲ್ಲ ಅಂತ ನೋಡಿಯೇ ಕೊಡಬೇಕು. ಅವಳಿಗೆ ಆಮೇಲೆ ಗಡಗಡ ನಡುಕ ಬಂತು, ಅತ್ತೆ ಗಾಬರಿಯಾದರು. ಅದು ಮಾತ್ರೆಯದೇ ನಡುಕ, ಹೊದಿಸಿ ಕೂತ್ಕೊಳ್ಳಿ ಅಮ್ಮ ಅಂದೆ.

ತಮಾಷೆ ಅಂದ್ರೆ, ಹಳ್ಳಿ ಹೆರಿಗೆಯಲ್ಲಿ ಈ ಮಾತ್ರೆ ನಡೆಯುತ್ತಾ ಅಂತ ಪರೀಕ್ಷೆ ಮಾಡಿದ್ದು ಇದೇ ಬೆಳಗಾವಿಯ ಹಳ್ಳಿಗಳಲ್ಲಿ! 1620 ಹೆಂಗಸರು, ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ಔಷಧಿ ಇಲ್ಲದ್ದು, ಹೆರಿಗೆ ಮಾಡಿಸಿದ್ದು ಎಎನ್‌ಎಂ, ಅಂದ್ರೆ ಹಳ್ಳಿಯಲ್ಲಿ ಹೆರಿಗೆ ನೋಡಿಕೊಳ್ಳೋ ಸಿಸ್ಟರ್‌ಗಳು. ಅತಿ ರಕ್ತಸ್ರಾವ ನೂರಕ್ಕೆ 12ರಿಂದ ಸುಮಾರು 6ಕ್ಕೆ ಇಳಿಯಿತು. 2006ರಲ್ಲಿ ಅದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೂ ಅದನ್ನು ಅಗತ್ಯ ಔಷಧಿ ಪಟ್ಟಿಗೆ ಸೇರಿಸಿತು. ಈಗ ನಿರಾಶ್ರಿತರ ಶಿಬಿರಗಳಿಗೆ ಹೋಗುವ ವಿಶ್ವಸಂಸ್ಥೆಯ ಕಿಟ್‌ಗಳಲ್ಲೂ ಇದಿದೆ.

ಮಾತ್ರೆಗೂ ರಕ್ತ ನಿಲ್ಲದಿದ್ದರೆ? ಢಾಕಾದ ಡಾ. ಸಯೇಬಾ ಅಖ್ತರ್ ರಬ್ಬರ್ ಕ್ಯಾಥೆಟರ್ (ತೆಳು ನಳಿಕೆ) ತುದಿಗೆ ಕಾಂಡೋಮ್ ಕಟ್ಟಿ, ಗರ್ಭಕೋಶದೊಳಗಿಟ್ಟು, 200ರಿಂದ 500 ಎಂ.ಎಲ್. ಸಲೈನ್ ತುಂಬಿಸಿದರು. ಅದು ಬಲೂನಿನಂತೆ ಉಬ್ಬಿ ಒಳಗಿನಿಂದ ಒತ್ತುತ್ತದೆ. 2003ರಲ್ಲಿ ಅವರು ಬರೆದ ಪ್ರಕಾರ 23 ಜನರಲ್ಲೂ 15 ನಿಮಿಷದೊಳಗೆ ರಕ್ತ ನಿಂತಿತು. ಕೇಳೋಕೆ ಚೆನ್ನಾಗಿದೆ, ಆದರೆ ಆಮೇಲೆ ಉಗಾಂಡಾ, ಈಜಿಪ್ಟ್, ಸೆನೆಗಲ್‌ಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಇದರಿಂದ ಆಪರೇಷನ್ನು, ಸಾವು ಕಡಿಮೆಯಾಗಲಿಲ್ಲ. ಹಾಗಾಗಿ ದೊಡ್ಡಾಸ್ಪತ್ರೆ ಮುಟ್ಟೋವರೆಗಿನ ತಡೆ ಅಂತಷ್ಟೇ ನಾನು ಅದನ್ನು ನೋಡೋದು.

ನಮ್ಮ ಬಾಣಂತಿಗೆ ಅದು ಬೇಕಾಗಲಿಲ್ಲ. ಮರುದಿನ ಮಧ್ಯಾಹ್ನ ಬೋಟ್ ಬಂತು.