ಸೊಸೈಟಿಯ ಕ್ಯಾಶ್ ಕೌಂಟರಿಗೆ ಬುಲೆಟ್‌ಪ್ರೂಫ್ ಬೇಕಾ, ದಪ್ಪ ಹೊನ್ನೆ ಹಲಗೆ ಸಾಕಾ?

ಹೊನ್ನೆ ಹಲಗೆ ಸಾಲದು. ಎರಡು ಇಂಚಿನದ್ದಿರಲಿ, ನಾಲ್ಕು ಇಂಚಿನದ್ದು ಹಾಕಿಸಿದರೂ ಅದನ್ನು ನಂಬಿ ಕ್ಯಾಷಿಯರನ್ನು ಹಿಂದೆ ಕೂರಿಸುವ ಲೆಕ್ಕ ಇಟ್ಟುಕೊಳ್ಳಬೇಡಿ.

ನೀವು ತೀರ್ಥಹಳ್ಳಿ ಕಡೆಯ ಸಹಕಾರ ಸಂಘವೊಂದರ ನಿರ್ದೇಶಕರು ಅಂತ ಬರೆದಿದ್ದೀರಿ. 2025ರ ಜನವರಿಯಲ್ಲಿ ಬೀದರಿನಲ್ಲೂ ಉಳ್ಳಾಲದಲ್ಲೂ ದರೋಡೆಯಾದ ಮೇಲೆ ಆಡಳಿತ ಮಂಡಳಿಯಲ್ಲಿ ಮಾತು ಎದ್ದು, ಯಾರೋ ಸಪ್ಲೈಯರ್ ಗುಂಡುನಿರೋಧಕ ಕೌಂಟರಿಗೆ ಕೊಟೇಶನ್ನೂ ಕೊಟ್ಟಾಗಿದೆ. ಅಷ್ಟು ದುಡ್ಡು ಸುರಿಯುವ ಬದಲು ನಮ್ಮದೇ ಮರದಲ್ಲಿ ದಪ್ಪಗೆ ಮಾಡಿಸಿದರೆ ಆಗದಾ, ಜನ ಕೂರುವ ಸೋಫಾಕ್ಕೂ ಹಾಕಿಸಬೇಕಾ ಅನ್ನುವುದು ನಿಮ್ಮ ಪ್ರಶ್ನೆ. ನನ್ನದು ಶಿವಮೊಗ್ಗದಲ್ಲಿ ಮರಗೆಲಸದ ಶೆಡ್ಡು. ಬ್ಯಾಂಕು, ಸೊಸೈಟಿ, ಸರ್ಕಾರಿ ಕಚೇರಿಗಳಿಗೆ ಕೌಂಟರ್, ಟೇಬಲ್ ಮಾಡಿಕೊಡುತ್ತೇವೆ, ಕೆಲವಕ್ಕೆ ಒಳಗಡೆ ಗುಂಡು ತಡೆಯುವ ಶೀಟನ್ನೂ ಕೂರಿಸಿದ್ದೇವೆ. ಶೀಟು ತಯಾರಿಸುವವನು ನಾನಲ್ಲ, ಕೂರಿಸುವವನು. ಆ ಮಟ್ಟಿಗೆ ನನ್ನ ಮಾತು ತಗೊಳ್ಳಿ.

ಮರದ ಮೇಲೆ ನಮ್ಮ ಕಡೆಯವರಿಗಿರುವ ಭರವಸೆ ನನಗೆ ಗೊತ್ತು. ಹಳೇ ಮನೆಯ ಕಂಬಕ್ಕೆ ಮೊಳೆ ಹೊಡೆಯಲು ಹೋದರೆ ಮೊಳೆಯೇ ಬಾಗುತ್ತದೆ. ಆದರೆ ಗುಂಡಿನ ಲೆಕ್ಕವೇ ಬೇರೆ. 9 ಎಂಎಂ ಪಿಸ್ತೂಲಿನ ಗುಂಡು ತೂಗುವುದು ಸುಮಾರು 8 ಗ್ರಾಂ, ಹಾರುವುದು ಸೆಕೆಂಡಿಗೆ ಸುಮಾರು 360 ಮೀಟರ್ ವೇಗದಲ್ಲಿ. ಆ ಹೊಡೆತವೆಲ್ಲ ಅಂಗಿಯ ಗುಂಡಿಯಷ್ಟು ಜಾಗದ ಮೇಲೆ ಬೀಳುತ್ತದೆ. ಮರದ ನಾರು ಅಲ್ಲಿ ಸೀಳಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ರೈಫಲ್ಲಿನ ಗುಂಡಾದರೆ ವೇಗವೇ ಎರಡು ಪಟ್ಟು, ಅದಕ್ಕೂ ಹೆಚ್ಚು. ಇನ್ನು ಈಗಿನ ಕಚೇರಿ ಕೌಂಟರುಗಳಂತೂ 19 ಎಂಎಂ ಪ್ಲೈವುಡ್ಡಿನ ಮೇಲೆ ಲ್ಯಾಮಿನೇಟ್ ಅಂಟಿಸಿದವು. ಅದರ ಹಿಂದೆ ಬಗ್ಗಿದವನು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. 1954ರ ಮಾರ್ಚ್ 1ರಂದು ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಪೋರ್ಟೊರಿಕೊದ ರಾಷ್ಟ್ರವಾದಿಗಳು ಗ್ಯಾಲರಿಯಿಂದ ಗುಂಡು ಹಾರಿಸಿದರು, ಐವರು ಸದಸ್ಯರಿಗೆ ಪೆಟ್ಟಾಯಿತು. ಆವತ್ತಿನ ಒಂದು ಗುಂಡು ಹೊಕ್ಕ ತೂತು ಸದನದ ಮೇಜಿನ ಡ್ರಾಯರಿನಲ್ಲಿ ಇವತ್ತಿಗೂ ಇದೆ. ಅಂಥ ಜಾಗದಲ್ಲಿ ಹಾಕಿದ ಮರ ಕಳಪೆಯಾಗಿತ್ತು ಅನ್ನಲಾಗದು.

ಹಾಗಾದರೆ ಗುಂಡುನಿರೋಧಕ ಪೀಠೋಪಕರಣ ಅಂತ ಮಾರುವುದೇನು? ಹೊರಗೆ ನೋಡಲು ಮಾಮೂಲಿ ಟೇಬಲ್ಲು, ಭಾಷಣದ ಪೋಡಿಯಂ, ನ್ಯಾಯಾಧೀಶರ ಪೀಠ, ಸ್ವಾಗತದ ಕೌಂಟರು. ಒಳಗೆ, ಮುಂಭಾಗದ ಹಲಗೆಯ ಹಿಂದೆ, ಒಂದು ಶೀಟು. ತಡೆಯುವುದು ಅದು. ನಾವು ಆಚಾರಿಗಳು ಮಾಡುವುದು ಅದಕ್ಕೊಂದು ಅಂಗಿ. ಶೀಟಿನಲ್ಲಿ ನಿಮಗೆ ಸಿಗುವುದು ಮುಖ್ಯವಾಗಿ ಎರಡು ಜಾತಿ.

ಒಂದು, ಉಕ್ಕು. ಇಲ್ಲೇ ಹೆಚ್ಚು ಜನ ಎಡವುವುದು. ‘ನಮ್ಮ ವೆಲ್ಡಿಂಗ್ ಶಾಪಿನವನೇ 6 ಎಂಎಂ ಪ್ಲೇಟ್ ಹಾಕಿಕೊಡ್ತಾನಂತೆ’ ಅಂತ ನನ್ನ ಹತ್ತಿರ ಹೇಳಿದವರಿದ್ದಾರೆ. ಅಂಗಡಿಯಲ್ಲಿ ಸಿಗುವ ಎಂಎಸ್ ಪ್ಲೇಟು, ಅಂದರೆ ಮಾಮೂಲಿ ಉಕ್ಕಿನದ್ದು, ಮೆದು, ಅದರ ಗಡಸುತನ ಬ್ರಿನೆಲ್ ಅಳತೆಯಲ್ಲಿ 120ರಿಂದ 150ರ ಆಸುಪಾಸು. ಗುಂಡು ತಡೆಯಲೆಂದೇ ಕಾಯಿಸಿ, ತಣಿಸಿ, ಹದ ಕೊಟ್ಟ ಉಕ್ಕಿನದ್ದು 500ರ ಸುತ್ತಮುತ್ತ. ಎರಡೂ 6 ಎಂಎಂ ದಪ್ಪವೇ ಇರಬಹುದು, ಬಣ್ಣ ಹೊಡೆದರೆ ನಿಮಗೂ ನನಗೂ ವ್ಯತ್ಯಾಸ ಗೊತ್ತಾಗದು. ಇನ್ನೂ ಒಂದು ಗೋಳಿದೆ. ಹದ ಕೊಟ್ಟ ಪ್ಲೇಟನ್ನೇ ತಂದು, ಅದಕ್ಕೆ ಆ್ಯಂಗಲ್ ಬೆಸೆಯಲು ಹೋದರೆ ವೆಲ್ಡಿಂಗ್ ಬಿಸಿ ತಾಗಿದಲ್ಲೆಲ್ಲ ಹದ ಇಳಿದು ಹೋಗುತ್ತದೆ. ದುಬಾರಿ ಪ್ಲೇಟಿನ ಅಂಚಿನುದ್ದಕ್ಕೂ ಮೆದು ಪಟ್ಟಿ. ಅದಕ್ಕೇ ತೂತುಗಳನ್ನು ಕಾರ್ಖಾನೆಯಲ್ಲೇ ಹಾಕಿಸಿಕೊಂಡು ಬಂದು ಬೋಲ್ಟಿನಲ್ಲಿ ಕೂರಿಸಬೇಕು.

ತೂಕವನ್ನೂ ಲೆಕ್ಕ ಹಾಕಿ. 8 ಅಡಿ 4 ಅಡಿಯ 6 ಎಂಎಂ ಉಕ್ಕಿನ ಶೀಟು ಒಂದಕ್ಕೆ ಸುಮಾರು 140 ಕೆಜಿ. ನಿಮ್ಮ ಕಚೇರಿ ಹಳೇ ಕಟ್ಟಡದ ಮಾಳಿಗೆಯ ಮೇಲೆ, ಹಲಗೆ ಹಾಸಿನ ನೆಲದಲ್ಲಿದ್ದರೆ ಮೊದಲು ಎಂಜಿನಿಯರಿಗೆ ತೋರಿಸಿ. ಉಕ್ಕಿಗೆ ಬಡಿದ ಗುಂಡು ಚೂರಾಗಿ ಪಕ್ಕಕ್ಕೆ ಸಿಡಿಯುವುದೂ ಉಂಟು. ಎದುರಿಗೆ ನಿಂತ ಸದಸ್ಯರಿಗೆ ಆ ಚೂರು ತಾಗಬಾರದು ಅಂದರೆ ಪ್ಲೇಟಿನ ಮುಂದೆ ಹಲಗೆ ಇರಲೇಬೇಕು. ನಿಮ್ಮ ಹೊನ್ನೆಗೆ ಇಲ್ಲಿ ಕೆಲಸವಿದೆ ನೋಡಿ.

ಎರಡನೆಯದು ಫೈಬರ್‌ಗ್ಲಾಸ್ ಶೀಟು, ಗಾಜಿನ ನಾರಿನ ಬಟ್ಟೆಯನ್ನು ಪದರ ಪದರವಾಗಿ ರಾಳದಲ್ಲಿ ಒತ್ತಿ ಮಾಡಿದ್ದು. ಗುಂಡು ಹೊಕ್ಕಾಗ ಪದರಗಳು ಬಿಟ್ಟುಕೊಂಡು ಗುಂಡನ್ನು ಒಳಗೇ ಹಿಡಿದುಕೊಳ್ಳುತ್ತವೆ, ವಾಪಸು ಸಿಡಿಯುವುದು ಕಡಿಮೆ. ದೊಡ್ಡ ಪಿಸ್ತೂಲುಗಳನ್ನು ತಡೆಯುವ ಮಟ್ಟದ್ದು ದಪ್ಪ 11-12 ಎಂಎಂ, ತೂಕ 6 ಎಂಎಂ ಉಕ್ಕಿನ ಅರ್ಧದಷ್ಟು. ಕೌಂಟರಿಗೆ ನನ್ನ ಮತ ಇದಕ್ಕೇ. ನಮ್ಮ ಕಟ್ಟರಿಗೆ ಕಾರ್ಬೈಡ್ ಬ್ಲೇಡ್ ಹಾಕಿ ಕತ್ತರಿಸಬಹುದು. ಮಾಸ್ಕು, ತುಂಬು ತೋಳಿನ ಅಂಗಿ ಇಲ್ಲದೆ ಹುಡುಗರನ್ನು ಕೆಲಸಕ್ಕೆ ಬಿಟ್ಟರೆ ಮಾತ್ರ ಸಂಜೆಯವರೆಗೂ ಮೈ ಕೆರೆದುಕೊಳ್ಳುತ್ತಾರೆ. ಜಾಕೆಟ್ಟಿಗೆ ಹಾಕುವ ಕೆವ್ಲಾರ್ ಜಾತಿಯ ಬಟ್ಟೆಯನ್ನೇ ಟೇಬಲ್ಲಿನೊಳಗೆ ಹೊಲಿದು ಕೊಡುತ್ತೇವೆ ಅನ್ನುವವರೂ ಇದ್ದಾರೆ. ಹಗುರ, ನಿಜ. ಆದರೆ ಆ ನಾರಿಗೆ ನೀರು ಹೊಕ್ಕರೆ ಗುಂಡು ತಡೆಯುವ ಗುಣ ತಗ್ಗುತ್ತದೆ, ಬಿಸಿಲೂ ಆಗದು. ವರ್ಷಕ್ಕೆ 7000 ಮಿಮೀ ದಾಟಿ ಮಳೆ ಬೀಳುವ ಆಗುಂಬೆ ನಿಮ್ಮದೇ ತಾಲ್ಲೂಕು. ಆಷಾಢದಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿಗೆ, ಪೂರ್ತಿ ಸೀಲ್ ಮಾಡದ ಬಟ್ಟೆಯ ಶೀಟು ಬೇಡವೇ ಬೇಡ.

ಎಂಥ ಕೋವಿಗೆ ತಡೆ ಬೇಕು ಅನ್ನುವುದನ್ನು ನಿಮ್ಮ ಮಂಡಳಿ ಮೊದಲು ತೀರ್ಮಾನ ಮಾಡಲಿ. ಮಲೆನಾಡಿನಲ್ಲಿ ಮನೆ ಮನೆಯಲ್ಲಿ ಕಾಣುವುದು ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ಒಂಟಿ ನಳಿಗೆ, ಜೋಡು ನಳಿಗೆಯ ತೋಟಾ ಕೋವಿ, ಹಳೇ ಕೇಪಿನ ಕೋವಿ. ದರೋಡೆಗೆ ಬರುವವರು ತರುವುದು ಹೆಚ್ಚಾಗಿ ಪಿಸ್ತೂಲು, ನಾಡ ಪಿಸ್ತೂಲು. ಅಂದರೆ ನಿಮಗೆ ಬೇಕಾದ್ದು ಪಿಸ್ತೂಲು ಮಟ್ಟದ ತಡೆ. ರೈಫಲ್ ತಡೆಯುವುದು ಬೇಕೆಂದರೆ ತೂಕ, ದಪ್ಪ, ಬೆಲೆ ಎಲ್ಲವೂ ಏರುತ್ತದೆ, ಒಂದು ಗ್ರಾಮೀಣ ಸೊಸೈಟಿಗೆ ಅದು ಅತಿಯಾಯಿತು.

ಕೊಟೇಶನ್ನಿನಲ್ಲಿ ‘ಬುಲೆಟ್‌ಪ್ರೂಫ್’ ಅಂತಷ್ಟೇ ಬರೆದಿದ್ದರೆ ಅದನ್ನು ಪಕ್ಕಕ್ಕಿಡಿ. ಯಾವ ಮಾನದಂಡ, ಎಷ್ಟನೇ ಮಟ್ಟ ಅಂತ ಕೇಳಿ. ಅಮೆರಿಕದ ಯುಎಲ್ 752 ಅನ್ನುವ ಮಾನದಂಡದಲ್ಲಿ ಮೊದಲನೇ ಮಟ್ಟ 9 ಎಂಎಂಗೆ, ಎರಡನೆಯದು ರಿವಾಲ್ವರಿನ ಗುಂಡಾದ .357 ಮ್ಯಾಗ್ನಮ್‌ಗೆ, ಮೂರನೆಯದು ಅದಕ್ಕೂ ದೊಡ್ಡದಾದ .44 ಮ್ಯಾಗ್ನಮ್‌ಗೆ. ನಾಲ್ಕನೆಯದರಿಂದ ರೈಫಲ್ ಶುರು. ಮಟ್ಟ ಏರಿದಂತೆ ರಕ್ಷಣೆಯೂ ಏರುತ್ತದೆ ಅಂದುಕೊಳ್ಳಬೇಡಿ, ಆರನೆಯದು ಮತ್ತೆ 9 ಎಂಎಂಗೇ, ವೇಗ ಮಾತ್ರ ಹೆಚ್ಚು. ಮೊದಲ ಮೂರು ಮಟ್ಟಕ್ಕೆ ಮೂರು ಗುಂಡು ಹೊಡೆದು ನೋಡುತ್ತಾರೆ, ಶೀಟಿನ ಹಿಂದೆ 18 ಇಂಚು ದೂರದಲ್ಲಿ ರಟ್ಟು ಇಟ್ಟಿರುತ್ತಾರೆ, ಚೂರು ಹಾರಿ ರಟ್ಟನ್ನು ತೂರಿದರೆ ಫೇಲು. ತೋಟಾ ಕೋವಿಯ ಪರೀಕ್ಷೆ ಅದರಲ್ಲಿ ಪ್ರತ್ಯೇಕ, ನಮ್ಮ ಊರಿನ ಮಟ್ಟಿಗೆ ಅದನ್ನು ಕೇಳಲೇಬೇಕು. ಚರೆ ತಡೆಯುವುದು ಬೇರೆ, ಒಂಟಿ ದೊಡ್ಡ ಗುಂಡಿನ ತೋಟಾ ತಡೆಯುವುದು ಬೇರೆ. ಎನ್‌ಐಜೆ 0108.01 (ಇದೂ ಅಮೆರಿಕದ ಮಾನದಂಡವೇ) ಅಂತ ಬರೆದುಕೊಟ್ಟರೆ ಅದರ 3-ಎ ಪಿಸ್ತೂಲು ಮಟ್ಟಗಳಲ್ಲಿ ಎಲ್ಲಕ್ಕಿಂತ ಮೇಲಿನದು. ನಮ್ಮ ದೇಶದ ಮಾನಕ ಸಂಸ್ಥೆ ಬಿಐಎಸ್‌ನ ಐಎಸ್ 17051 ತೋರಿಸಿದರೆ ಮಾತ್ರ ಹುಷಾರು, 2018ರ ಆ ಮಾನದಂಡ ಇರುವುದು ಜಾಕೆಟ್ಟಿಗೆ, ಟೇಬಲ್ಲಿಗಲ್ಲ. ಪರೀಕ್ಷೆ ಮಾಡಿದ ಲ್ಯಾಬ್ ಯಾವುದು ಅಂತ ಕೇಳಿ. ಅದು ಚಂಡೀಗಢದ ಡಿಆರ್‌ಡಿಒ ಲ್ಯಾಬ್ ಟಿಬಿಆರ್‌ಎಲ್ ಆಗಲಿ ಬೇರೆ ಆಗಲಿ, ವರದಿಯ ಪ್ರತಿಯಲ್ಲಿರುವ ದಪ್ಪವೂ ನಿಮಗೆ ಬಂದಿಳಿದ ಶೀಟಿನ ದಪ್ಪವೂ ಒಂದೇ ಇದೆಯಾ ಅಂತ ಕ್ಯಾಲಿಪರ್ ಹಿಡಿದು ನೋಡಿಕೊಳ್ಳಿ.

ಇಷ್ಟೆಲ್ಲ ಸರಿಯಿದ್ದೂ ಕೂರಿಸುವಾಗ ಕೆಡುತ್ತದೆ ಮಾರಾಯ್ರೇ. ಎರಡು ಶೀಟು ಕೂಡುವ ಸಂದಿನ ಹಿಂದೆ ಅದೇ ಶೀಟಿನ ಪಟ್ಟಿಯೊಂದನ್ನು ಎರಡೂ ಕಡೆಗೆ ಹೊದಿಯುವಂತೆ ಕೂರಿಸಬೇಕು. ನಮ್ಮವರು ಮಿಕ್ಕಿದ ಪ್ಲೈ ತುಂಡು ಹೊಡೆದು ಮುಗಿಸಿಬಿಡುತ್ತಾರೆ, ಮೇಲೆ ಲ್ಯಾಮಿನೇಟ್ ಬಿದ್ದ ಮೇಲೆ ಯಾರಿಗೆ ಗೊತ್ತಾಗಬೇಕು? ಕೌಂಟರಿನ ಕೆಳಗೆ ನಾಲ್ಕು ಇಂಚಿನ ಸ್ಕರ್ಟಿಂಗ್, ಅಂದರೆ ನೆಲದಂಚಿನ ಪಟ್ಟಿ, ಬಿಡುವ ರೂಢಿ ಇದೆ. ಶೀಟು ಅದರ ಮೇಲಿಂದ ಶುರುವಾದರೆ ನೆಲಕ್ಕೆ ಮಲಗಿದವನಿಗೆ ರಕ್ಷಣೆಯಿಲ್ಲ, ನೆಲದವರೆಗೂ ಇಳಿಸಿ. ಎಲ್ಲ ಮುಗಿದ ಮೇಲೆ ಕಂಪ್ಯೂಟರಿನವನು ಬಂದು ವೈರು ಎಳೆಯಲು ಮುಷ್ಟಿಗಾತ್ರದ ತೂತು ಕೊರೆಯುತ್ತಾನೆ. ವೈರಿನ ದಾರಿಯನ್ನು ಪಕ್ಕದಿಂದಲೋ ಹಿಂದಿನಿಂದಲೋ ಮೊದಲೇ ಗುರುತು ಹಾಕಿಸಿ. ಕೆಲಸ ನಡೆಯುವಾಗ, ಮುಚ್ಚುವ ಮೊದಲು, ಒಬ್ಬ ನಿರ್ದೇಶಕರು ಬಂದು ಫೋಟೋ ತೆಗೆದಿಟ್ಟುಕೊಳ್ಳಲಿ.

ಕೌಂಟರಿನ ಮೇಲಿನ ಗಾಜಿನ ವಿಷಯ ಚುಟುಕಾಗಿ ಹೇಳುತ್ತೇನೆ. ಪ್ರಧಾನಿಗಳು ಕೆಂಪುಕೋಟೆಯಲ್ಲಿ ಗಾಜಿನ ಗೂಡಿನೊಳಗೆ ನಿಂತು ಮಾತಾಡುತ್ತಿದ್ದುದನ್ನು 2013ರವರೆಗೂ ಟೀವಿಯಲ್ಲಿ ನೋಡಿದ್ದೀರಿ. ಗುಂಡು ತಡೆಯುವ ಗಾಜು ಒಂದೇ ಹಾಳೆಯಲ್ಲ, ಪದರಗಳು. ಅಕ್ರಿಲಿಕ್ಕಾದರೆ ಯುಎಲ್‌ನ ಮೊದಲ ಮಟ್ಟಕ್ಕೇ ಸುಮಾರು 32 ಎಂಎಂ ದಪ್ಪ ಬೇಕು. ಕಾರಿನ ಗಾಜಿನ ಥರದ 12 ಎಂಎಂ ಟಫನ್ಡ್ ಹಾಕಿ ಕೈ ತೊಳೆದುಕೊಳ್ಳುವವರ ಮಾತು ಕೇಳಬೇಡಿ. ದುಡ್ಡು ಸಾಲದಿದ್ದರೆ ಗಾಜನ್ನು ಬಿಟ್ಟು ಕೆಳಗಿನ ಕೌಂಟರನ್ನೇ ಗಟ್ಟಿ ಮಾಡಿ, ಬಗ್ಗಿ ಕೂರಲು ಜಾಗವಾಗುತ್ತದೆ.

ಇನ್ನು ನಿಮ್ಮ ಮಂಡಳಿಯನ್ನು ಹೆದರಿಸಿದ ಆ ಎರಡು ಘಟನೆಗಳು. ಬೀದರಿನಲ್ಲಿ ಜನವರಿ 16ರಂದು ಗುಂಡು ಹಾರಿದ್ದು ಕಟ್ಟಡದ ಹೊರಗೆ, ಎಟಿಎಂಗೆ ಹಣ ಒಯ್ಯುವ ಸಿಬ್ಬಂದಿಯ ಮೇಲೆ. ಮರುದಿನ ಉಳ್ಳಾಲದ ಕೋಟೆಕಾರು ಸಹಕಾರಿ ಬ್ಯಾಂಕಿನಲ್ಲಿ ಬಂದೂಕು ತೋರಿಸಿ ಹೆದರಿಸಿ ಚಿನ್ನ ದೋಚಿದರು. ಮೊದಲನೆಯದಕ್ಕೆ ನಿಮ್ಮ ಕೌಂಟರು ಯಾವ ಲೆಕ್ಕಕ್ಕೂ ಇಲ್ಲ, ಎರಡನೆಯದನ್ನು ಅದು ತಪ್ಪಿಸುತ್ತಿರಲಿಲ್ಲ. ಇದು ಉಪಯೋಗಕ್ಕೆ ಬರುವುದು 2021ರ ಸೆಪ್ಟೆಂಬರಿನಲ್ಲಿ ದೆಹಲಿಯ ರೋಹಿಣಿ ಕೋರ್ಟಿನಲ್ಲಿ ಆದಂಥ ಕಡೆ. ವಕೀಲರ ವೇಷದಲ್ಲಿ ಬಂದವರು ಕೋರ್ಟ್ ಹಾಲಿನೊಳಗೇ ಗುಂಡು ಹಾರಿಸಿದರು. ಅಂಥ ಹೊತ್ತಿನಲ್ಲಿ ಹತ್ತಿರದವರಿಗೆ ಬಗ್ಗಲು, ತೆವಳಿ ಬಾಗಿಲು ಸೇರಲು ಒಂದಷ್ಟು ಸೆಕೆಂಡು ಸಿಗುತ್ತದೆ. ಹಾಗಾಗಿ ಕೌಂಟರಿನ ಹಿಂದಿನಿಂದ ಒಳಕೋಣೆಗೆ ಒಂದು ಬಾಗಿಲು, ಅದಕ್ಕೆ ಒಳಗಿನಿಂದ ಚಿಲಕ, ಕಾಲಿಗೆ ಎಟಕುವ ಅಲಾರಂ ಸ್ವಿಚ್ಚು ಇಲ್ಲದೆ ಬರೀ ಕೌಂಟರಿಗೆ ದುಡ್ಡು ಹಾಕಿದರೆ ಅರ್ಧ ಕೆಲಸ.

ಸೋಫಾಕ್ಕೆ ಬೇಡ. 2013ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಒಂದು ವಿಶ್ವವಿದ್ಯಾಲಯ ಶಾಲೆಯೊಂದರ ಹತ್ಯಾಕಾಂಡದ ನಂತರ ಪಾಠ ಮಾಡುವವರಿಗೆಂದು ಗುಂಡು ತಡೆಯುವ ವೈಟ್‌ಬೋರ್ಡುಗಳನ್ನು ತರಿಸಿತ್ತು, 200 ಬೋರ್ಡಿಗೆ 60,000 ಡಾಲರ್. ಕೈಯಲ್ಲಿ ಹಿಡಿಯುವ ಗಾತ್ರದವು, ಮುಚ್ಚುವುದು ತಲೆ, ಎದೆ ಅಷ್ಟೇ. ನಿಮ್ಮ ಸೋಫಾದಲ್ಲಿ ಕೂತವರು ಬೆನ್ನು ಗೋಡೆಗೆ ಹಾಕಿ ಬಾಗಿಲಿಗೆ ಮುಖ ಮಾಡಿರುತ್ತಾರೆ, ಹಿಂದೆ ಶೀಟಿದ್ದು ಏನು ಮಾಡುತ್ತದೆ? ಆ ದುಡ್ಡಿನಲ್ಲಿ ಸೋಫಾವನ್ನು ಬಾಗಿಲಿನ ನೇರದಿಂದ ಪಕ್ಕಕ್ಕೆ ಸರಿಸಿ, ಗೊಬ್ಬರದ ಮೂಟೆ ಪೇರಿಸಿಟ್ಟಿರುವ ಪಕ್ಕದ ಬಾಗಿಲನ್ನು ಖಾಲಿ ಮಾಡಿಸಿ. ನಾನು ಹೋದ ಸೊಸೈಟಿಗಳಲ್ಲೆಲ್ಲ ಆ ಬಾಗಿಲಿನ ಮುಂದೆ ಮೂಟೆ ಇದ್ದೇ ಇರುತ್ತದೆ. ಕೊಟೇಶನ್ನಿನ ಶೀಟಿನ ವಿವರ ಮತ್ತು ಕೌಂಟರಿನ ಉದ್ದ, ಎತ್ತರ ಕೆಳಗೆ ಹಾಕಿ. ಸಂದು ಎಲ್ಲೆಲ್ಲಿ ಬರುತ್ತದೆ ಅಂತ ಗೀಚಿ ತೋರಿಸುತ್ತೇನೆ.